ನಮ್ಮ ಅಂಗಳದ ಶೀಶಂ: ಒಂದು ತಿದ್ದುಪಡಿ

ಕಳೆದ ವಾರ ಬೆಂಗಳೂರಿನಿಂದ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ, "ಸರ್, ನಿಮ್ಮ ಮನಿ ಮುಂದಿನ ಬೀಟಿ ಗಿಡ ಇನ್ನೂ ಅದಾ ಏನ್ರಿ?" ಎಂದು ಕೇಳಿದ. "ಇದೆಯಪ್ಪಾ" ಎಂದಷ್ಟೇ ಹೇಳಿ ಮಾತು ಮುಗಿಸಿದೆ. ಆದರೆ ಆ ಉತ್ತರ ಅರ್ಧ ಸತ್ಯ ಮಾತ್ರ. ಗಿಡ ಇದೆ, ಆದರೆ ಅದು ಬೀಟೆಯಲ್ಲ. ಈ ಮಾತನ್ನು ನಾನು ನಿಮಗೆಲ್ಲ ಬಹಳ ವರ್ಷಗಳ ಹಿಂದೆಯೇ ಹೇಳಬೇಕಿತ್ತು. ಇಂದು ಹೇಳುತ್ತಿದ್ದೇನೆ.

ನನ್ನ ಬೆನ್ನ ಹಿಂದೆ ನೀವೆಲ್ಲ ನನ್ನನ್ನು "ಬೀಟಿ ಸರ್" ಎಂದು ಕರೆಯುತ್ತಿದ್ದುದು ನನಗೆ ಗೊತ್ತಿಲ್ಲವೆಂದು ತಿಳಿಯಬೇಡಿ. ಆ ಹೆಸರು ಬರಲು ಕಾರಣ ನಾನೇ. ವಿಜ್ಞಾನದ ತರಗತಿಯಲ್ಲಿ ಎಲೆಯ ಪಾಠ ಬಂದಾಗಲೆಲ್ಲ ನಮ್ಮ ಮನೆಯ ಗಿಡದ ಟೊಂಗೆಯೊಂದನ್ನು ತಂದು ಮೇಜಿನ ಮೇಲಿಟ್ಟು, "ಇದು ಬೀಟೆ. ಇಡೀ ಶಹಾಪುರದಲ್ಲಿ ನಮ್ಮ ಅಂಗಳದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ" ಎಂದು ಹೆಮ್ಮೆಯಿಂದ ಹೇಳುತ್ತಿದ್ದೆ. ನೀವು ಚಿತ್ರ ಬರೆದು ಕೆಳಗೆ "ಬೀಟೆ" ಎಂದು ಹೆಸರು ಬರೆಯುತ್ತಿದ್ದಿರಿ. ನಾನು ಕೆಂಪು ಶಾಯಿಯಲ್ಲಿ "ಸರಿ" ಎಂದು ಗುರುತು ಹಾಕುತ್ತಿದ್ದೆ.

ಬೀಟೆಯ ಹುಚ್ಚು ನನಗೆ ಹತ್ತಿದ್ದು ಗುಲ್ಬರ್ಗಾದಲ್ಲಿ ಬಿ.ಎಡ್. ಓದುತ್ತಿದ್ದಾಗ. ಶೈಕ್ಷಣಿಕ ಪ್ರವಾಸದಲ್ಲಿ ಮೈಸೂರಿಗೆ ಹೋಗಿದ್ದೆವು. ಅರಮನೆಯ ಅಂಬಾವಿಲಾಸದ ಬಳಿ ಬೀಟೆಮರದ ಬಾಗಿಲೊಂದಿದೆ. ಕಪ್ಪಿಗೆ ತಿರುಗಿದ ಆ ಮರದಲ್ಲಿ ದಂತವನ್ನು ಕೂಡಿಸಿ ಚಿತ್ತಾರ ಮಾಡಿದ್ದಾರೆ. ಸುರಪುರದ ಕಲ್ಲುಗುಡ್ಡಗಳ ನಡುವೆ ಹುಟ್ಟಿ, ಬೇವು, ಜಾಲಿ, ಹುಣಸೆಗಳನ್ನು ಬಿಟ್ಟರೆ ಬೇರೆ ಮರದ ಹೆಸರನ್ನೇ ಹೆಚ್ಚು ಕೇಳದಿದ್ದ ನನಗೆ ಆ ಬಾಗಿಲಿನ ಮುಂದಿನಿಂದ ಕಾಲು ಕೀಳಲು ಮನಸ್ಸಾಗಲಿಲ್ಲ. ಎಂದಾದರೂ ಸ್ವಂತ ಮನೆಯೆಂದು ಒಂದಾದರೆ ಅದರ ಮುಂದೆ ಒಂದು ಬೀಟೆಯ ಗಿಡ ಇರಬೇಕೆಂದು ಅಂದೇ ನಿಶ್ಚಯಿಸಿದೆ. ಬೀಟೆ ಮಲೆನಾಡಿನ ಕಾಡಿನ ಮರ, ನಮ್ಮ ಬಿಸಿಲಿನ ಎರೆಭೂಮಿ ಅದರ ತವರಲ್ಲ ಎಂಬ ವಿವೇಕ ಆ ವಯಸ್ಸಿನಲ್ಲಿ ಇರಲಿಲ್ಲ.

ನೌಕರಿ ಸೇರಿ ಮೊದಲು ಯಾದಗಿರಿಯಲ್ಲಿ ಕೆಲವು ವರ್ಷ ಕಳೆದು, ಶಹಾಪುರಕ್ಕೆ ವರ್ಗವಾಗಿ ಬಂದೆ. ಆಗ ನಾವೆಲ್ಲ ಗುಲ್ಬರ್ಗಾ ಜಿಲ್ಲೆಯವರು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರಿನಲ್ಲಿ. ಊರಿನ ಅಂಚಿನಲ್ಲಿ, ಗುಡ್ಡದ ಕಡೆಗೆ ಏರುವ ಜಾಗದಲ್ಲಿ ಒಂದು ನಿವೇಶನ ಕೊಂಡು ಎರಡು ಕೋಣೆಯ ಮನೆ ಕಟ್ಟಿಸಿದೆ. ನಿವೇಶನದ ಮೇಲ್ಭಾಗದಲ್ಲಿ ಗರಸು ಮಣ್ಣು, ಕೆಳಭಾಗದಲ್ಲಿ ಕಪ್ಪು ಎರೆಮಣ್ಣು. ಈ ವಿವರವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

1989ರ ಜುಲೈ. ಕೆ. ಎಂ. ಮುನ್ಷಿಯವರು 1950ರಲ್ಲಿ ಆರಂಭಿಸಿದ ವನಮಹೋತ್ಸವವನ್ನು ಶಾಲೆಗಳಲ್ಲಿ ಶ್ರದ್ಧೆಯಿಂದ ಆಚರಿಸುತ್ತಿದ್ದ ಕಾಲ ಅದು. ಸಾಮಾಜಿಕ ಅರಣ್ಯ ಯೋಜನೆಯ ದಿನಗಳೂ ಹೌದು. ನಮ್ಮ ಶಾಲೆಗೂ ಒಂದು ಗಾಡಿ ಸಸಿ ಬಂದವು. ಅವುಗಳಲ್ಲಿ ಕೆಲವನ್ನು ತೋರಿಸಿ, ತಂದವರು "ಇವು ರೋಸ್‌ವುಡ್" ಎಂದರು. ನನಗೆ ಮೈಸೂರಿನ ಬಾಗಿಲು ಕಣ್ಣ ಮುಂದೆ ಬಂತು. ಮುಖ್ಯೋಪಾಧ್ಯಾಯರನ್ನು ಕೇಳಿ ಎರಡು ಸಸಿಗಳನ್ನು ಮನೆಗೆ ತಂದೆ.

ಗುಂಡಿ ತೋಡಲು ಸಹಾಯಕ್ಕೆ ಬಂದವನು ಒಂಬತ್ತನೆಯ ತರಗತಿಯ ಒಬ್ಬ ಹುಡುಗ. ಬಡಿಗೇರ ಮನೆಯವನು. ಅವನ ತಂದೆ ಹೈದರಾಬಾದಿನಲ್ಲಿ ಉತ್ತರದ ಕಡೆಯ ಬಡಿಗರ ಜೊತೆ ಹಲವು ವರ್ಷ ಕೆಲಸ ಮಾಡಿ ಊರಿಗೆ ಮರಳಿದ್ದರು. ಹುಡುಗ ಓದಿನಲ್ಲಿ ಸಾಧಾರಣ, ಕೈಕೆಲಸದಲ್ಲಿ ಜಾಣ. ಸಸಿಯ ಎಲೆಯನ್ನು ಬೆರಳುಗಳ ನಡುವೆ ಹಿಡಿದು ನೋಡಿ, "ಸರ್, ಇದು ಬೀಟಿ ಅಲ್ರಿ. ಶೀಶಂ ಅದ್ರಿ. ನಮ್ಮಪ್ಪ ಇದರ ಕಟಗಿ ತಂದಿಟ್ಟಾನ್ರಿ ಮನ್ಯಾಗ" ಎಂದ.

ನಾನು ನಕ್ಕುಬಿಟ್ಟೆ. ನಕ್ಕಿದ್ದರೆ ಸಾಕಿತ್ತು, ಅಷ್ಟಕ್ಕೇ ನಿಲ್ಲಲಿಲ್ಲ. ಅವನು ಗುಂಡಿ ತೋಡುತ್ತ ಇನ್ನೊಂದು ಮಾತು ಹೇಳಿದ. "ಎರಡೂ ಮ್ಯಾಲಿನ ಗರಸಿನ್ಯಾಗ ಹಚ್ರಿ ಸರ್. ಇದಕ್ಕ ಹರಿಯೋ ನೀರ್ ಆಗ್ತದ್ರಿ, ನಿಂತ ನೀರ್ ಆಗಂಗಿಲ್ರಿ." ನಾನು ಆ ಮಾತನ್ನೂ ಕೇಳಲಿಲ್ಲ. ಎರೆಮಣ್ಣು ಫಲವತ್ತಾದ ಮಣ್ಣೆಂದು ಪಾಠ ಮಾಡುವವನು ನಾನು. ನನಗೆ ಈ ಹುಡುಗ ಹೇಳಿಕೊಡಬೇಕೇ? ಒಂದು ಸಸಿಯನ್ನು ಕೆಳಗಿನ ಎರೆಮಣ್ಣಿನಲ್ಲಿ, ಬಚ್ಚಲ ನೀರು ಬಂದು ಬೀಳುವ ಕಡೆ, ನಾನೇ ಕೈಯಾರೆ ನೆಟ್ಟೆ. ಇನ್ನೊಂದನ್ನು, "ಆಯಿತು, ಇದನ್ನು ನಿನಗೆ ಬೇಕಾದಲ್ಲಿ ಹಚ್ಚು" ಎಂದು ಅವನಿಗೆ ಬಿಟ್ಟೆ. ಅವನು ಗುಡ್ಡದ ಕಡೆಯ ಗರಸಿನಲ್ಲಿ ನೆಟ್ಟ.

ಮರುದಿನ ತರಗತಿಯಲ್ಲಿ ನಡೆದದ್ದನ್ನು ಬರೆಯಲು ಇಂದಿಗೂ ಕೈ ಹಿಂಜರಿಯುತ್ತದೆ. ಪುಸ್ತಕ ತೆರೆದು, "ರೋಸ್‌ವುಡ್ ಎಂದರೆ ಬೀಟೆ" ಎಂದು ಓದಿ, ಅವನನ್ನು ಎಬ್ಬಿಸಿ ನಿಲ್ಲಿಸಿ, "ಇವರು ನಮ್ಮ ಹೊಸ ಸಸ್ಯಶಾಸ್ತ್ರಜ್ಞರು. ಪುಸ್ತಕ ಬರೆದವರಿಗಿಂತ ಇವರಿಗೆ ಹೆಚ್ಚು ಗೊತ್ತು" ಎಂದೆ. ತರಗತಿಯೆಲ್ಲ ನಕ್ಕಿತು. ಅವನು ತಲೆ ತಗ್ಗಿಸಿ ನಿಂತಿದ್ದ. ಆ ದಿನ ನಕ್ಕವರಲ್ಲಿ ಕೆಲವರು ಇದನ್ನು ಓದುತ್ತಿರಬಹುದು. ತಪ್ಪು ನಿಮ್ಮದಲ್ಲ, ನಗುವಂತೆ ಮಾಡಿದವನು ನಾನು.

ಮುಂದಿನ ವರ್ಷ, ಹತ್ತನೆಯ ತರಗತಿಯ ನಡುವೆ ಅವನು ಶಾಲೆಗೆ ಬರುವುದನ್ನು ನಿಲ್ಲಿಸಿದ. ಅವನ ತಂದೆ ಕೆಲಸ ಮಾಡುತ್ತಿದ್ದಾಗ ಅಟ್ಟದಿಂದ ಬಿದ್ದು ಸೊಂಟ ಮುರಿದುಕೊಂಡರೆಂದು ಹುಡುಗರು ಹೇಳಿದರು. ಅವನ ಮನೆ ನಮ್ಮ ಮನೆಯಿಂದ ನಾಲ್ಕು ಓಣಿಗಳಾಚೆ ಇತ್ತು. ನಾನು ಹೋಗಲಿಲ್ಲ. ಹಾಜರಿ ಪುಸ್ತಕದಲ್ಲಿ ಕೆಲವು ದಿನ ಗೈರುಹಾಜರಿ ಗುರುತಿಸಿ, ಕೊನೆಗೆ ಹೆಸರು ಹೊಡೆದು ಹಾಕಿದೆ. ನನ್ನ ಅಂದಿನ ಮಾತೇ ಅವನ ಓದನ್ನು ನಿಲ್ಲಿಸಿತೆಂದು ಹೇಳಲಾರೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲವೆಂದೂ ಹೇಳಲಾರೆ.

ಇನ್ನು ಗಿಡಗಳ ಕಥೆ. ನಾನು ನೆಟ್ಟ ಸಸಿ ಮೊದಲ ವರ್ಷ ಭರದಿಂದ ಬೆಳೆಯಿತು. ಬಚ್ಚಲ ನೀರಲ್ಲದೆ ಬೇಸಿಗೆಯಲ್ಲಿ ದಿನಾಲೂ ಎರಡು ಕೊಡ ನೀರು ಹಾಕುತ್ತಿದ್ದೆ. ಎರಡನೆಯ ಮಳೆಗಾಲದಲ್ಲಿ ತುದಿಯ ಎಲೆಗಳು ಹಳದಿಯಾದವು. ಬಾಯಾರಿಕೆಯೆಂದು ತಿಳಿದು ಇನ್ನಷ್ಟು ನೀರು ಹಾಕಿದೆ. ದೀಪಾವಳಿಯ ಹೊತ್ತಿಗೆ ಎಲೆಯೆಲ್ಲ ಉದುರಿ ಕಡ್ಡಿಯಾಯಿತು. ಕಿತ್ತು ನೋಡಿದರೆ ಬೇರು ಕಪ್ಪಾಗಿ ಕೊಳೆತು, ಕೆಟ್ಟ ವಾಸನೆ ಬರುತ್ತಿತ್ತು. ಎರೆಮಣ್ಣು ನೀರನ್ನು ಹಿಡಿದರೆ ಬಿಡುವುದಿಲ್ಲ. ಮಣ್ಣಿನ ಸಂದುಗಳಲ್ಲಿ ನೀರೇ ತುಂಬಿಕೊಂಡರೆ ಬೇರಿಗೆ ಗಾಳಿ ಸಿಗುವುದಿಲ್ಲ, ಉಸಿರು ಕಟ್ಟಿ ಸಾಯುತ್ತದೆ. ಬೇರಿನ ಉಸಿರಾಟವನ್ನು ವರ್ಷ ವರ್ಷವೂ ಪಾಠ ಮಾಡುತ್ತಿದ್ದವನ ಅಂಗಳದಲ್ಲಿ ಇದು ನಡೆಯಿತು.

ಹುಡುಗ ನೆಟ್ಟ ಸಸಿಯನ್ನು ನಾನು ಅಷ್ಟಾಗಿ ವಿಚಾರಿಸಿಕೊಂಡವನಲ್ಲ. ನೀರು ಹಾಕುತ್ತಿದ್ದವಳು ನನ್ನ ಹೆಂಡತಿ, ಅದೂ ವಾರಕ್ಕೊಮ್ಮೆ. ಅದು ಎರಡು ವರ್ಷ ಕುಳ್ಳಗೇ ಇದ್ದು, ಮೂರನೆಯ ವರ್ಷ ತಲೆಯೆತ್ತಿತು. ಐದನೆಯ ವರ್ಷಕ್ಕೆ ಮನೆಯ ಮಾಳಿಗೆಯನ್ನು ದಾಟಿತು. ಇಂದು ನೀವು ಕೇಳುವ ಗಿಡ ಅದೇ.

2001ರಲ್ಲಿ ತರಬೇತಿಯೊಂದರ ನಿಮಿತ್ತ ಉತ್ತರ ಕನ್ನಡಕ್ಕೆ ಹೋಗಿದ್ದಾಗ ದಾಂಡೇಲಿಯ ಕಾಡನ್ನು ನೋಡುವ ಅವಕಾಶ ದೊರೆಯಿತು. ನಮ್ಮ ಜೊತೆಗಿದ್ದ ಅರಣ್ಯ ರಕ್ಷಕರು ದೊಡ್ಡದೊಂದು ಮರವನ್ನು ತೋರಿಸಿ "ಬೀಟೆ" ಎಂದರು. ಕೆಳಗೆ ಬಿದ್ದಿದ್ದ ಎಲೆಯೊಂದನ್ನು ಎತ್ತಿಕೊಂಡೆ. ಅದರ ಕಿರುಎಲೆಗಳ ತುದಿ ಗುಂಡಗಿತ್ತು, ಕೆಲವದರಲ್ಲಿ ನಡುವೆ ಸಣ್ಣ ಕಚ್ಚು ಬಿದ್ದಿತ್ತು. ನಮ್ಮ ಮನೆಯ ಗಿಡದ ಕಿರುಎಲೆಗಳ ತುದಿಯೋ ಅರಳಿ ಎಲೆಯ ಹಾಗೆ ಚೂಪು, ಬಾಲದಷ್ಟು ಉದ್ದವಿಲ್ಲ ಅಷ್ಟೇ. ಆ ಕ್ಷಣಕ್ಕೆ ಎಲ್ಲವೂ ತಿಳಿಯಿತು. ಹನ್ನೆರಡು ವರ್ಷಗಳ ಹಿಂದೆ ಹುಡುಗನೊಬ್ಬ ಬೆರಳುಗಳಲ್ಲಿ ಹಿಡಿದು ನೋಡಿ ಹೇಳಿದ್ದನ್ನು ತಿಳಿಯಲು ನಾನು ದಾಂಡೇಲಿಯವರೆಗೆ ಹೋಗಬೇಕಾಯಿತು.

ಗೊಂದಲಕ್ಕೆ ಕಾರಣ ಇಲ್ಲದಿಲ್ಲ. ಎರಡಕ್ಕೂ "ಭಾರತದ ರೋಸ್‌ವುಡ್" ಎಂಬ ಹೆಸರಿದೆ. ಎರಡೂ ಡಾಲ್ಬರ್ಜಿಯಾ ಎಂಬ ಒಂದೇ ಕುಲದವು, ಅಣ್ಣತಮ್ಮಂದಿರು. ಬೀಟೆ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ, ಪಶ್ಚಿಮ ಘಟ್ಟದಂಥ ಮಳೆಯ ಕಾಡುಗಳಲ್ಲಿ ನಿಧಾನವಾಗಿ ಬೆಳೆಯುವ ಮರ. ಶೀಶಂ ಡಾಲ್ಬರ್ಜಿಯಾ ಸಿಸ್ಸೂ, ಹಿಮಾಲಯದ ತಪ್ಪಲಿನ ಹೊಳೆದಂಡೆಗಳ ಮರಳು, ಗರಸುಗಳಲ್ಲಿ ಹುಟ್ಟುವ ಮರ. ಪಂಜಾಬಿನವರು ಅದನ್ನು ಟಾಹ್ಲಿ ಎನ್ನುತ್ತಾರೆ. ಬೀಟೆಯ ಕಟ್ಟಿಗೆ ನೇರಳೆಗಪ್ಪು, ಶೀಶಮ್ಮಿನದು ಗೆರೆಗಳಿರುವ ಕಂದು. ಬೀಟೆಯ ಒಂದು ಎಲೆಯಲ್ಲಿ ಸಾಮಾನ್ಯವಾಗಿ ಐದರಿಂದ ಏಳು ಕಿರುಎಲೆ, ಶೀಶಮ್ಮಿನಲ್ಲಿ ಮೂರರಿಂದ ಐದು. ಎರಡರಲ್ಲೂ ಅವು ಬೇವಿನಂತೆ ಎದುರುಬದುರಾಗಿರದೆ ಒಂದಾದ ಮೇಲೊಂದು ಬರುತ್ತವೆ. ಆದರೆ ತುದಿಯೊಂದನ್ನು ನೋಡಿದರೆ ಸಾಕು, ತಪ್ಪುವ ಮಾತಿಲ್ಲ.

ಇದು ಬರಿಯ ಹೆಸರಿನ ಪ್ರಶ್ನೆಯೂ ಅಲ್ಲ. ಬೀಟೆ ಇಂದು ಅಪಾಯದ ಅಂಚಿನ ಮರಗಳ ಪಟ್ಟಿಯಲ್ಲಿದೆ. ರೋಸ್‌ವುಡ್ಡಿನ ಕಳ್ಳಸಾಗಣೆ ಹೆಚ್ಚಿತೆಂದು ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ರಾಷ್ಟ್ರಗಳು 2016ರಲ್ಲಿ ಇಡೀ ಡಾಲ್ಬರ್ಜಿಯಾ ಕುಲವನ್ನೇ ನಿಯಂತ್ರಣಕ್ಕೆ ಒಳಪಡಿಸಿದವು. 2017ರ ಜನವರಿಯಿಂದ ಅದು ಜಾರಿಗೆ ಬಂತು. ಹೊಲದ ಬದುವಿನಲ್ಲಿ ಧಾರಾಳವಾಗಿ ಬೆಳೆಯುವ ಶೀಶಮ್ಮಿಗೂ ಅದೇ ಕಟ್ಟುಪಾಡು ಬಿದ್ದು, ಅದರಲ್ಲಿ ಕುಸುರಿ ಕೆಲಸ ಮಾಡಿ ಹೊರದೇಶಕ್ಕೆ ಕಳಿಸುತ್ತಿದ್ದ ನಮ್ಮ ಉತ್ತರದ ಕುಶಲಕರ್ಮಿಗಳು ತೊಂದರೆಗೆ ಸಿಲುಕಿದರು. 2022ರಲ್ಲಿ ಪನಾಮಾದಲ್ಲಿ ನಡೆದ ಸಭೆಯಲ್ಲಿ, ತಲಾ 10 ಕಿಲೋಗ್ರಾಮಿಗಿಂತ ಕಡಿಮೆ ತೂಕದ ಶೀಶಂ ವಸ್ತುಗಳಿಗೆ ಸಡಿಲಿಕೆ ದೊರೆಯಿತು. ಅಣ್ಣನ ಹೆಸರಿನಲ್ಲಿ ತಮ್ಮನನ್ನು ಹಿಡಿದರೆ ಬಡಿಗನ ಹೊಟ್ಟೆಗೆ ಏಟು ಬೀಳುತ್ತದೆ.

ದಾಂಡೇಲಿಯಿಂದ ಮರಳಿದ ಮೇಲೆ ನಾನು ಮಾಡಬೇಕಾದದ್ದು ಎರಡು ಕೆಲಸ. ತರಗತಿಯಲ್ಲಿ "ನಾನು ತಪ್ಪು ಹೇಳಿಕೊಟ್ಟೆ" ಎನ್ನಬೇಕಿತ್ತು. ಆ ಹುಡುಗನನ್ನು ಹುಡುಕಬೇಕಿತ್ತು. ಎರಡನ್ನೂ ಮಾಡಲಿಲ್ಲ. ಟೊಂಗೆ ತಂದು ತೋರಿಸುವುದನ್ನು ಮಾತ್ರ ಸದ್ದಿಲ್ಲದೆ ನಿಲ್ಲಿಸಿದೆ.

ಗಿಡವನ್ನು ಮಾತ್ರ ಅಂದಿನಿಂದ ಬೇರೆ ಕಣ್ಣಿನಿಂದ ನೋಡತೊಡಗಿದೆ. ಅದನ್ನು ಸಾಕಿದ್ದಕ್ಕಿಂತ ಅದರಿಂದ ಕಲಿತದ್ದೇ ಹೆಚ್ಚು. ಎಳೆಯ ಶೀಶಂ ನೆಟ್ಟಗೆ ಬೆಳೆಯುವ ಸ್ವಭಾವದ್ದಲ್ಲ. ಬಾಗುತ್ತದೆ, ಬುಡದಲ್ಲೇ ಕವಲೊಡೆಯುತ್ತದೆ. ಮೊದಲ ಮೂರು ನಾಲ್ಕು ವರ್ಷ ಕೋಲಿನ ಆಸರೆ ಕೊಟ್ಟು, ಒಂದೇ ಕಾಂಡವನ್ನು ಉಳಿಸಿ, ಕೆಳಗಿನ ರೆಂಬೆಗಳನ್ನು ಚಳಿಗಾಲದಲ್ಲಿ ಎಲೆ ಉದುರಿದಾಗ ಸವರಬೇಕು. ಆಡುಗಳಿಗೆ ಅದರ ಎಲೆ ಬಲು ಪ್ರೀತಿ. ಆದ್ದರಿಂದ ಆಳೆತ್ತರ ದಾಟುವವರೆಗೆ ಮುಳ್ಳುಬೇಲಿ ಬೇಕೇ ಬೇಕು. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಬೇರಿನ ಆಳಕ್ಕೆ ಇಳಿಯುವಂತೆ ನೀರು ಕೊಟ್ಟು, ಆಮೇಲೆ ಕೈ ಬಿಡಬೇಕು. ಗೊಬ್ಬರದ ಚಿಂತೆ ಹೆಚ್ಚು ಬೇಡ. ತೊಗರಿಯ ಹಾಗೆ ಇದೂ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುವ ಜಾತಿ. ನೆಲದೊಳಗೆ ಬೇರಿಗೆ ಪೆಟ್ಟಾದ ಕಡೆಯೆಲ್ಲ ಹೊಸ ಚಿಗುರು ಏಳುತ್ತದೆ. ಗೋಡೆಯಿಂದ ಕನಿಷ್ಠ ಹದಿನೈದು ಇಪ್ಪತ್ತು ಅಡಿ ದೂರ ನೆಡುವುದು ಕ್ಷೇಮ. ನಮ್ಮದು ಎಂಟೇ ಅಡಿ ದೂರದಲ್ಲಿದೆ, ಅದರ ಫಲವನ್ನು ಮುಂದೆ ಹೇಳುತ್ತೇನೆ.

ಶಿವರಾತ್ರಿಯ ಹೊತ್ತಿಗೆ ಗಿಡದ ತುಂಬ ತಿಳಿಹಸುರು ಚಿಗುರು. ಯುಗಾದಿಯ ಆಸುಪಾಸಿನಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ, ಹಳದಿ ಬೆರೆತ ಬಿಳಿ ಹೂವುಗಳು. ಹೂವು ಕಾಣುವ ಮೊದಲೇ ಜೇನುನೊಣಗಳ ಸದ್ದು ಕೇಳುತ್ತದೆ. ನನ್ನ ಹೆಂಡತಿ ಬೆಳಗಿನ ಚಹಾವನ್ನು ಅದರ ಕೆಳಗೇ ಕುಡಿಯುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಆ ಕಲ್ಲಿನ ಮೇಲೆ ನಾನು ಕೂಡುತ್ತೇನೆ.

ನಿಂತ ನೀರಿನ ಮಾತನ್ನು ನಮ್ಮ ಕಡೆಯವರು ವಿಶೇಷವಾಗಿ ಗಮನಿಸಬೇಕು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸುರಪುರ, ಶಹಾಪುರಗಳ ಎಷ್ಟೋ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ನೀರು ಬಂದದ್ದು ಭಾಗ್ಯವೇ. ಆದರೆ ತಗ್ಗಿನ ಎರೆಭೂಮಿಗಳಲ್ಲಿ ಜೌಗು, ಸವಳೂ ಅದರ ಹಿಂದೆ ಬಂದವು. ಅಂಥ ಕಡೆ ಶೀಶಂ ನೆಟ್ಟರೆ ನನ್ನ ಮೊದಲ ಸಸಿಯ ಗತಿಯೇ ಅದಕ್ಕೂ. 1990ರ ದಶಕದಲ್ಲಿ ಬಿಹಾರ, ನೇಪಾಳ, ಬಾಂಗ್ಲಾದೇಶ, ಪಾಕಿಸ್ತಾನಗಳಲ್ಲಿ ಶೀಶಂ ಮರಗಳು ತುದಿಯಿಂದ ಒಣಗುತ್ತ ದೊಡ್ಡ ಸಂಖ್ಯೆಯಲ್ಲಿ ಸತ್ತವು. ಬೇರಿಗೆ ಹತ್ತುವ ಶಿಲೀಂಧ್ರಗಳು ಒಂದು ಕಾರಣ. ಜಿಗುಟು ಮಣ್ಣು ಮತ್ತು ನಿಂತ ನೀರು ಆ ರೋಗಕ್ಕೆ ಬಾಗಿಲು ತೆರೆದುಕೊಡುತ್ತವೆಂದು ವಿಜ್ಞಾನಿಗಳು ಬರೆದಿದ್ದಾರೆ. ಅದನ್ನು ಓದಿದಾಗ "ನಿಂತ ನೀರ್ ಆಗಂಗಿಲ್ರಿ" ಎಂಬ ಮಾತು ಮತ್ತೆ ಕಿವಿಯಲ್ಲಿ ಮೊಳಗಿತು.

2023ರ ಮೇ ತಿಂಗಳಲ್ಲಿ ಒಂದು ಸಂಜೆ ಬಿರುಗಾಳಿ ಬೀಸಿ ಗಿಡದ ದೊಡ್ಡ ಟೊಂಗೆಯೊಂದು ಮುರಿದು ಬಿತ್ತು. ಬೇರುಗಳು ಆಗಲೇ ಅಂಗಳದ ಗೋಡೆಯನ್ನು ಎತ್ತಿ ಸೀಳು ಬಿಡಿಸಿದ್ದವು. ಊರಿಗೆ ಬಂದಿದ್ದ ಮಗ, "ಅಪ್ಪಾಜಿ, ಇದನ್ನು ತೆಗೆಸಿಬಿಡೋಣ. ನಾಳೆ ಮನೆಯ ಮೇಲೆ ಬಿದ್ದರೆ?" ಎಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕಟ್ಟಿಗೆ ವ್ಯಾಪಾರಿಯೊಬ್ಬ ಬಂದು ಬೆಲೆಯನ್ನೂ ಹೇಳಿ ಹೋದ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಿರುವುದರಿಂದ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. ಅದಕ್ಕೆ ಮೊದಲು ಮರ ಗಟ್ಟಿಯಿದೆಯೋ ಪೊಳ್ಳಾಗಿದೆಯೋ ತಿಳಿದವರಿಂದ ನೋಡಿಸೋಣವೆಂದು ಒಬ್ಬ ಬಡಿಗನನ್ನು ಕರೆಸಿದೆವು.

ಬಂದವನು ನರೆತ ಗಡ್ಡದ, ಐವತ್ತರ ಹತ್ತಿರದ ಮನುಷ್ಯ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಶರಣ್ರೀ ಸರ್" ಎಂದ. ದನಿಯಿಂದ ಗುರುತಿಸಿದೆ.

ಅವನು ಬುಡದ ಸುತ್ತ ಒಂದು ಸುತ್ತು ಹಾಕಿದ. ಕೊಡಲಿಯ ಹಿಂಭಾಗದಿಂದ ಕಾಂಡವನ್ನು ಅಲ್ಲಲ್ಲಿ ಬಡಿದು ಕಿವಿಗೊಟ್ಟ. ಮುರಿದ ಟೊಂಗೆಯ ತುದಿಯನ್ನು ಕೊಯ್ದು ತೋರಿಸಿದ. ಸುತ್ತಲೂ ಬಿಳಿಯ ಕಟ್ಟಿಗೆ, ನಡುವೆ ಮಾತ್ರ ಕಂದು ಬಣ್ಣದ ಕೆಚ್ಚು. "ಗಿಡ ಗಟ್ಟಿ ಅದ್ರಿ ಸರ್. ಈಗ ಕಡದ್ರ ಬಿಳಿ ಕಟಗಿನೇ ಹೆಚ್ಚು ಬರ್ತದ, ಅದಕ್ಕ ಹುಳ ಹತ್ತತದ. ಇನ್ನಾ ಹದಿನೈದಿಪ್ಪತ್ತು ವರ್ಷ ಬಿಟ್ರ ಕೆಚ್ಚು ತುಂಬ್ತದ. ಗ್ವಾಡಿ ಕಡಿ ಬಾಗಿದ್ದೆರಡು ಟೊಂಗಿ ತೆಗೀರಿ, ಗ್ವಾಡಿ ಸ್ವಲ್ಪ ಈಚಿಗಿ ಕಟ್ಟಸ್ರಿ. ಗಿಡ ತಗಿಬ್ಯಾಡ್ರಿ" ಎಂದ.

ಮಗ ಒಳಗೆ ಹೋದ ಮೇಲೆ ನಾನು ಅವನಿಗೆ ಹೇಳಬೇಕಾದದ್ದನ್ನು ಹೇಳಿದೆ. "ಅಂದು ನೀನು ಹೇಳಿದ್ದೇ ಸರಿಯಿತ್ತು. ತರಗತಿಯಲ್ಲಿ ನಿನ್ನನ್ನು ನಿಲ್ಲಿಸಿ ನಾನು ಆಡಿದ ಮಾತು ತಪ್ಪು. ನಿಮ್ಮ ಮನೆಗೂ ನಾನು ಬರಲಿಲ್ಲ." ನಿವೃತ್ತನಾದ ಮಾಸ್ತರನಿಗೆ ಇಷ್ಟು ಸಣ್ಣ ವಾಕ್ಯಗಳನ್ನು ಹೇಳುವುದು ಇಷ್ಟು ಕಷ್ಟವೆಂದು ತಿಳಿದಿರಲಿಲ್ಲ.

ಅವನು ಕೆಲಹೊತ್ತು ಕೊಡಲಿಯ ಕಾವನ್ನು ಸವರುತ್ತಿದ್ದ. "ಅದೆಲ್ಲ ನೆನಪಿಲ್ರಿ ಸರ್" ಎಂದ. ಆಮೇಲೆ ಗಿಡದತ್ತ ನೋಡಿ, "ಇದು ನಾ ಹಚ್ಚಿದ್ದು ಮಾತ್ರ ನೆನಪದ. ಈ ಓಣ್ಯಾಗ ಹಾದಾಗೊಮ್ಮೆ ನೋಡ್ಕೋತ ಹೋಗ್ತಿದ್ನಿ" ಎಂದ. ಮೂವತ್ತನಾಲ್ಕು ವರ್ಷ ಅವನು ನಮ್ಮ ಮನೆಯ ಮುಂದೆ ಹಾದು ಹೋಗಿದ್ದಾನೆ. ಒಮ್ಮೆಯೂ ಒಳಗೆ ಬಂದಿರಲಿಲ್ಲ. ನೆನಪಿಲ್ಲವೆಂಬ ಅವನ ಮಾತು ಎಷ್ಟರಮಟ್ಟಿಗೆ ನಿಜವೆಂದು ನಾನು ಮತ್ತೆ ಕೇಳಲಿಲ್ಲ.

ಗಿಡ ಉಳಿಯಿತು. ಗೋಡೆಯನ್ನು ಒಡೆದು ಮೂರು ಅಡಿ ಒಳಗೆ ಕಟ್ಟಿಸಿದೆವು. ಈಗ ಗಿಡದ ಅರ್ಧ ನೆರಳು ಬೀದಿಗೆ ಸೇರಿದೆ, ಶಾಲೆಗೆ ಹೋಗುವ ಮಕ್ಕಳು ಅಲ್ಲಿ ನಿಂತು ಆಟೋ ಕಾಯುತ್ತಾರೆ. ಮುರಿದ ಟೊಂಗೆಯ ಕೆಚ್ಚಿನಿಂದ ಅವನು ನನ್ನ ಸೊಸೆಗೆ ಒಂದು ಲಟ್ಟಣಿಗೆ, ನನಗೆ ಒಂದು ಊರುಗೋಲು ಮಾಡಿಕೊಟ್ಟ. ಕೂಲಿಯನ್ನು ಎಣಿಸಿ ತೆಗೆದುಕೊಂಡ. ಅದು ನನಗೆ ಸಮಾಧಾನವೆನಿಸಿತು. ಹೊರಡುವಾಗ, ಬೇರಿನಿಂದ ಎದ್ದಿದ್ದ ಒಂದು ಚಿಗುರನ್ನು ಕೇಳಿ, ಬೇರಿನ ತುಂಡಿನ ಸಮೇತ ಅಗೆದು ಒದ್ದೆ ಗೋಣಿತಾಟಿನಲ್ಲಿ ಸುತ್ತಿಕೊಂಡು ಹೋದ. ಅವನ ಹೊಲದ ಬದುವಿನ ಗರಸಿನಲ್ಲಿ ಅದು ಈಗ ಎದೆಯೆತ್ತರ ಬೆಳೆದಿದೆ. ಹೋದ ಶ್ರಾವಣದಲ್ಲಿ ಹೋಗಿ ನೋಡಿ ಬಂದೆ. ಈ ಲೇಖನವನ್ನು ಅವನಿಗೆ ಓದಿ ಹೇಳಿದ್ದೇನೆ. ಹೆಸರೊಂದು ಬೇಡ, ಉಳಿದದ್ದು ಇರಲಿ ಎಂದ.

ಪ್ರಿಯ ವಿದ್ಯಾರ್ಥಿಗಳೇ, 1989ರಿಂದ 2001ರವರೆಗೆ ನನ್ನ ಬಳಿ ವಿಜ್ಞಾನ ಓದಿದವರಲ್ಲಿ ಯಾರಾದರೂ ಹಳೆಯ ನೋಟುಬುಕ್ಕು ಉಳಿಸಿಕೊಂಡಿದ್ದರೆ, ಎಲೆಯ ಚಿತ್ರದ ಕೆಳಗಿನ "ಬೀಟೆ" ಎಂಬುದನ್ನು ಹೊಡೆದು "ಶೀಶಂ" ಎಂದು ಬರೆದುಕೊಳ್ಳಿ. ನಾನು ಹಾಕಿದ "ಸರಿ" ಗುರುತು ತಪ್ಪು. ನಿಮ್ಮಲ್ಲಿ ಹಲವರು ಇಂದು ಮಾಸ್ತರರಾಗಿದ್ದೀರಿ. ತರಗತಿಯಲ್ಲಿ ಹುಡುಗನೊಬ್ಬ "ಅದು ಹಾಗಲ್ರಿ ಸರ್" ಎಂದರೆ, ಪುಸ್ತಕ ತೆರೆಯುವ ಮೊದಲು ಅವನು ತೋರಿಸುವ ಎಲೆಯನ್ನು ಒಮ್ಮೆ ಕೈಗೆ ತೆಗೆದುಕೊಂಡು ನೋಡಿ.

ಬೇರಿನ ಚಿಗುರುಗಳು ಪ್ರತಿ ವರ್ಷವೂ ಏಳುತ್ತವೆ. ಬೇಕಾದವರು ಮೊದಲ ಮಳೆಗೆ ನೆಲ ಮೆತ್ತಗಾದ ಮೇಲೆ ಮನೆಗೆ ಬನ್ನಿ, ಅಗೆದು ಕೊಡುತ್ತೇನೆ. ಬರುವ ಮುನ್ನ ನಿಮ್ಮ ಮಣ್ಣು ಯಾವುದೆಂದು ನೋಡಿಕೊಂಡು ಬನ್ನಿ. ಎರೆಯ ತಗ್ಗಾದರೆ ಕೊಡುವುದಿಲ್ಲ, ಚಹಾ ಕುಡಿಸಿ ಕಳಿಸುತ್ತೇನೆ.